ಸವಿತಾ ನುಂಗುತ್ತಿದ್ದ ಮಾತ್ರೆ

ಮಾತ್ರೆ ಶುರು ಮಾಡುವ ಮೊದಲು ಇಪ್ಪತ್ತಮೂರು ದಿನ ಅದನ್ನು ಬಚ್ಚಿಟ್ಟುಕೊಂಡಿದ್ದೆ. ಶಾಲೆಯ ಬೀರುವಿನಲ್ಲಿ, ಸೀಮೆಸುಣ್ಣದ ಡಬ್ಬಿಯ ತಳದಲ್ಲಿ, ಒಂದು ಕಾಗದದಲ್ಲಿ ಸುತ್ತಿ. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ತೆಗೆದು ನೋಡುತ್ತಿದ್ದೆ. ಹದಿನೈದಕ್ಕೆ ಹದಿನೈದೂ ಇರುತ್ತಿದ್ದವು. ಮತ್ತೆ ಮುಚ್ಚಿಡುತ್ತಿದ್ದೆ.

ಈಗ ಅದನ್ನೇ ನುಂಗಿಕೊಂಡು ಎಂಟು ತಿಂಗಳಾಯಿತು. ಇಂಥದೇ ಒಂದು ಸ್ಟ್ರಿಪ್ಪನ್ನು ಎಲ್ಲೋ ಮುಚ್ಚಿಟ್ಟುಕೊಂಡು ಹೆದರಿ ಕೂತವರು ಯಾರಾದರೂ ಇದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ಆದರೆ ಈ ಕಥೆಯಲ್ಲಿ ನಾನು ಒಳ್ಳೆಯವಳಲ್ಲ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ.

ನನ್ನ ಹೆಸರು ಗಿರಿಜಾ. ಚಿಕ್ಕಯ್ಯನಛತ್ರದ ಒಂದು ಶಾಲೆಯಲ್ಲಿ ಹದಿನಾರು ವರ್ಷದಿಂದ ಗಣಿತ ಕಲಿಸುತ್ತೇನೆ. ಮನೆ ನಂಜನಗೂಡಿನಲ್ಲಿ, ಪೇಟೆಗೆ ಹತ್ತಿರ. ಗಂಡ ಶಿವಮಲ್ಲು ಪೇಂಟ್ ಅಂಗಡಿ ಇಟ್ಟಿದ್ದಾರೆ. ಮಗಳು ಚೈತ್ರಳಿಗೆ ಹನ್ನೆರಡು ವರ್ಷ. ಅತ್ತೆ ಬಿಳಿಗೆರೆ ಕಡೆಯವರು, ನಮ್ಮ ಜೊತೆಯಲ್ಲೇ ಇದ್ದಾರೆ. ಒಂಬತ್ತು ವರ್ಷದ ಹಿಂದೆ ಮನೆಯಲ್ಲಿ ಇನ್ನಿಬ್ಬರಿದ್ದರು: ಮೈದುನ ಲೋಕೇಶ ಮತ್ತು ಅವನ ಹೆಂಡತಿ ಸವಿತಾ.

ಸವಿತಾ ತಿ. ನರಸೀಪುರದ ಹುಡುಗಿ, ಮಾತು ಕಡಿಮೆ. ಚೈತ್ರಳಿಗೆ ಆಗ ಮೂರು ವರ್ಷ. ನಾನು ಶಾಲೆಗೆ ಹೋದಮೇಲೆ ಮಗುವನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಒಂದು ಭಾನುವಾರ ಸೀರೆಗೆ ಪಿನ್ನು ಬೇಕೆಂದು ಅವಳ ಕೈಚೀಲಕ್ಕೆ ಕೈ ಹಾಕಿದೆ. ಮಾತ್ರೆ ಸಿಕ್ಕಿತು. ಹೆಸರನ್ನು ಮೊಬೈಲಿನಲ್ಲಿ ಹಾಕಿ ನೋಡಿದರೆ ಖಿನ್ನತೆ, ಆತಂಕ ಎಂದೆಲ್ಲ ಬಂತು. ವಾಪಸ್ಸು ಇಟ್ಟು ಸುಮ್ಮನಿರಬಹುದಿತ್ತು. ಅವಳನ್ನೇ ಕರೆದು ಕೇಳಬಹುದಿತ್ತು. ಅತ್ತೆ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹೋಗಿ ಪಕ್ಕದಲ್ಲಿ ಕೂತು, ನಾನೂ ನಾಲ್ಕು ಕಾಯಿ ಸುಲಿದು, ಆಮೇಲೆ ಸ್ಟ್ರಿಪ್ಪನ್ನು ಅವರ ಕೈಯಲ್ಲಿಟ್ಟೆ.

"ಏನಮ್ಮಿ ಇದು?"

"ಸವಿತಾ ಕದ್ದು ತಗೊಳ್ಳೋ ಮಾತ್ರೆ. ತಲೆ ಸರಿ ಇಲ್ಲದೋರಿಗೆ ಕೊಡೋದು."

ಆ ಮಾತು ಹೇಳುವಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಮಗಳು ನನಗಿಂತ ಅವಳನ್ನು ಹೆಚ್ಚು ಹಚ್ಚಿಕೊಂಡಿದ್ದಳು. ಕಾರಣ ಅದೇ ಇರಬೇಕು.

ಅವತ್ತು ಸಂಜೆಯೇ ಅತ್ತೆ ಅವಳ ಪೆಟ್ಟಿಗೆಯನ್ನೆಲ್ಲ ಜಾಲಾಡಿ, ಸಿಕ್ಕಿದ ಮಾತ್ರೆಗಳನ್ನು ಕಪಿಲಾ ಹೊಳೆಗೆ ಹಾಕಿ ಬಂದರು. ಮೂರು ನಾಲ್ಕು ದಿನದಲ್ಲಿ ಸವಿತಾ ನಡುಗಲು ಶುರುಮಾಡಿದಳು. ಲೋಟ ಹಿಡಿದರೆ ಕಾಫಿ ಚೆಲ್ಲುತ್ತಿತ್ತು. ನಡೆಯುತ್ತಿದ್ದವಳು ಇದ್ದಕ್ಕಿದ್ದಂತೆ ಗೋಡೆ ಹಿಡಿದು ನಿಂತುಬಿಡುವಳು. ಪಾತ್ರೆ ತೊಳೆಯುತ್ತ ಅಳುವಳು.

"ನೋಡ್ದಾ, ಒಳಗಿದ್ದುದ್ದು ಈಗ ಆಚ್ಗೆ ಬತ್ತಾ ಅದೆ" ಎಂದರು ಅತ್ತೆ. ನನಗೂ ಹಾಗೇ ಕಂಡಿತು.

ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಅವಳು ಚೈತ್ರಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಮಗುವನ್ನು ಕಿತ್ತುಕೊಂಡೆ. ಅರ್ಧ ಹೆಣೆದ ಜಡೆ ಇನ್ನೂ ಅವಳ ಕೈಯಲ್ಲಿತ್ತು. ಮಗು ನೋವಿಗೆ ಕಿರುಚಿತು. "ಇನ್ಮೇಲೆ ಇವಳನ್ನ ಮುಟ್ಬೇಡ" ಎಂದೆ. "ಇಂಥೋರ ಕೈಗೆ ಮಗೂನ ಕೊಡೋಕಾಗಲ್ಲ."

ಸ್ವಲ್ಪ ದಿನ ತೌರಿನಲ್ಲಿ ಇದ್ದು ಬರಲಿ ಎಂದು ನರಸೀಪುರಕ್ಕೆ ಬಿಟ್ಟುಬಂದರು. ಆಮೇಲೆ ಯಾರೂ ಕರೆಯಲು ಹೋಗಲಿಲ್ಲ. ಎರಡು ವರ್ಷಕ್ಕೆ ವಿಚ್ಛೇದನವಾಯಿತು. ಲೋಕೇಶ ಬೇರೆ ಮದುವೆಯಾಗಿ ಮೈಸೂರು ಸೇರಿಕೊಂಡ. ನಮ್ಮ ಮನೆಯಲ್ಲಿ ಸವಿತಾಳ ಹೆಸರು ನಿಂತುಹೋಯಿತು. ನನಗೆ ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ನನ್ನ ಕಾಯಿಲೆ ಶುರುವಾದದ್ದು ಏಳನೇ ತರಗತಿಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದಾಗ. ಬೋರ್ಡಿನ ಮೇಲೆ ಗೆರೆ ಎಳೆದೆ, ಗೆರೆಯ ಕೆಳಗಿನ ಅಂಕಿ ಬರೆಯಲು ಕೈ ಏಳಲಿಲ್ಲ. ಎದೆ ದಬದಬ ಹೊಡೆದುಕೊಂಡಿತು, ಕಿವಿ ಮುಚ್ಚಿಕೊಂಡಿತು, ಈ ಕ್ಷಣ ಸಾಯುತ್ತೇನೆ ಎನಿಸಿತು. ಮಕ್ಕಳಿಗೆ ಬೆನ್ನು ತಿರುಗಿಸಿಕೊಂಡೇ ಐದು ನಿಮಿಷ ನಿಂತಿದ್ದೆ. ಅವರು ನಾನು ಸಿಟ್ಟಾಗಿದ್ದೇನೆಂದು ತಿಳಿದು ತೆಪ್ಪಗಿದ್ದರು.

ಆಮೇಲೆ ಅದು ಎಲ್ಲಿ ಬೇಕೆಂದರಲ್ಲಿ ಬರತೊಡಗಿತು. ಬಸ್ಸಿನಲ್ಲಿ, ಪೇಟೆಯಲ್ಲಿ, ಒಗ್ಗರಣೆ ಹಾಕುವಾಗ. ಶಿವಮಲ್ಲು ಮೈಸೂರಿಗೆ ಕರೆದುಕೊಂಡು ಹೋಗಿ ಹೃದಯದ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಏನಾದರೂ ಸಿಗಲಿ ಎಂದು ನಾನು ನಂಜುಂಡೇಶ್ವರನನ್ನು ಬೇಡಿಕೊಂಡೆ. ಹೃದಯದ ರೋಗಿಯಾದರೆ ನೆಂಟರು ಹಣ್ಣು ತರುತ್ತಾರೆ, ಪಕ್ಕದಲ್ಲಿ ಕೂತು ಕೈ ಹಿಡಿಯುತ್ತಾರೆ. ಏನೂ ಸಿಗಲಿಲ್ಲ. "ಹಾರ್ಟು ಕುದುರೆ ಥರ ಇದೆ ಮೇಡಂ, ಆರಾಮಾಗಿ ಮನೆಗೆ ಹೋಗಿ" ಎಂದು ಡಾಕ್ಟರು ನಕ್ಕರು. ಆಮೇಲೆ ಶಿವಮಲ್ಲು ಕಡೆ ತಿರುಗಿ ಮೆಲ್ಲಗೆ, ಒಂದು ಸಲ ಮಾನಸಿಕ ತಜ್ಞರಿಗೆ ತೋರಿಸಿ ಎಂದರು.

ವಾಪಸ್ಸು ಬರುವಾಗ ತಾಂಡವಪುರ ದಾಟಿದಮೇಲೆ ಶಿವಮಲ್ಲು ಅಂದರು, "ಅವ್ವಂಗೆ ಗೊತ್ತಾಗೋದ್ ಬ್ಯಾಡ ಕಣೇ. ಸವಿತನ್ ವಿಷ್ಯದಲ್ಲಿ ಏನ್ ಮಾಡುದ್ಲು ಅಂತ ನಿಂಗೆ ಗೊತ್ತಲ್ಲ." ಮತ್ತೆ, ರಸ್ತೆ ನೋಡುತ್ತಲೇ, "ನೀನೇ ಅಲ್ವಾ ಅವ್ವಂಗೆ ಏಳಿದ್ದು" ಎಂದರು.

ತಾಲ್ಲೂಕು ಆಸ್ಪತ್ರೆಗೆ ವಾರಕ್ಕೊಮ್ಮೆ ಮಾನಸಿಕ ವೈದ್ಯೆಯೊಬ್ಬರು ಬರುತ್ತಾರೆ. ನಾನು ಮಾಸ್ಕ್ ಹಾಕಿಕೊಂಡು, ತಲೆಗೆ ಸೆರಗು ಹೊದ್ದು, ಎದುರುಗಡೆ ಮೂಳೆ ಡಾಕ್ಟರ ಬೆಂಚಿನಲ್ಲಿ ಕೂತೆ. ಯಾರಾದರೂ ಕೇಳಿದರೆ ಮಂಡಿ ನೋವು ಎನ್ನಲು ಸಿದ್ಧವಾಗಿದ್ದೆ. ನರ್ಸ್ ಬಾಗಿಲಿಗೆ ಬಂದು "ಗಿರಿಜಾ" ಎಂದು ಕೂಗಿದಳು. ಏಳಲಿಲ್ಲ. ಮತ್ತೆ ಕೂಗಿದಳು. ಕಾಲು ನೋಡಿಕೊಂಡು ಕೂತೆ. ಸರದಿ ತಪ್ಪಿತು. ಕೊನೆಗೆ ಎಲ್ಲರ ಸರದಿ ಮುಗಿದಮೇಲೆ ಅವಳು ನನ್ನ ಮುಂದೆಯೇ ಬಂದು ನಿಂತು, "ಅಮ್ಮಾ, ಆ ಬಾಗ್ಲಿಗಾ, ಈ ಬಾಗ್ಲಿಗಾ? ಬೇಗ ಹೇಳಿ, ಡಾಕ್ಟ್ರು ಹೊರಡ್ತಾರೆ" ಎಂದಳು.

ಎದ್ದು ಒಳಗೆ ಹೋಗುವಾಗ, ಒಳಗಿಂದ ಕೊನೆಯವರಾಗಿ ಹೊರಬರುತ್ತಿದ್ದ ಮುದುಕಿಯೊಬ್ಬರು ನನ್ನನ್ನು ಗುರುತು ಹಿಡಿದರು. ನನ್ನ ತರಗತಿಯ ಹುಡುಗಿಯೊಬ್ಬಳ ಅಜ್ಜಿ. ಇಬ್ಬರೂ ಬಾಗಿಲಿನಲ್ಲೇ ನಿಂತೆವು. ಅವರು ನನ್ನ ಮೊಣಕೈ ಮುಟ್ಟಿ, "ನಾ ನಿಮ್ಮ ನೋಡ್ನಿಲ್ಲ ಮಿಸ್ಸು, ನೀವು ನನ್ನ ನೋಡ್ನಿಲ್ಲ" ಎಂದು ಹೊರಟುಹೋದರು. ಆ ಇಡೀ ತಿಂಗಳಲ್ಲಿ ನನಗೆ ಸಿಕ್ಕ ಸಮಾಧಾನ ಅದೊಂದೇ.

ಡಾಕ್ಟರಿಗೆ ಮೂವತ್ತೈದು ಇರಬಹುದು, ಬೆಳಗಿನಿಂದ ಮಾತಾಡಿ ಗಂಟಲು ಕಟ್ಟಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ ಮಾತ್ರೆ ಬರೆದರು. ಮೊದಲ ಎರಡು ವಾರ ಕಷ್ಟವಾಗಬಹುದು, ತಡೆದುಕೊಳ್ಳಿ, ನೀವಾಗೇ ನಿಲ್ಲಿಸಬೇಡಿ ಎಂದರು.

"ಮಾತ್ರೆ ತಗೊಂಡ್ರೆ ನಾನು ನಾನಾಗೇ ಇರ್ತೀನಾ ಡಾಕ್ಟ್ರೇ?"

"ಈಗ ಇದ್ದೀರಾ?" ಎಂದು ಕೇಳಿದರು. ವ್ಯಂಗ್ಯವೇನೂ ಇರಲಿಲ್ಲ. ನಾನು ಚೀಟಿ ತೆಗೆದುಕೊಂಡು ಎದ್ದೆ.

ಔಷಧಿ ಕೌಂಟರಿನಲ್ಲಿ ಕೊಟ್ಟ ಸ್ಟ್ರಿಪ್ಪನ್ನು ತಿರುಗಿಸಿ ನೋಡಿದೆ. ಸವಿತಾಳ ಚೀಲದಲ್ಲಿ ಸಿಕ್ಕಿದ್ದ ಹೆಸರೇ ಅದು.

ಇಪ್ಪತ್ತಮೂರು ದಿನ ಅದನ್ನು ಮುಟ್ಟದೆ ಇದ್ದದ್ದಕ್ಕೆ ಕಾರಣ ಒಂದಲ್ಲ. ಮೊಬೈಲಿನಲ್ಲಿ ಓದಿ ಓದಿ ಹೆದರಿಕೆಗಳನ್ನು ಸಾಕಿಕೊಂಡಿದ್ದೆ. ದಪ್ಪಗಾಗುತ್ತೇನೆ, ಪಾಠ ಮಾಡುತ್ತಲೇ ತೂಕಡಿಸುತ್ತೇನೆ, ಸಾಯುವವರೆಗೂ ಬಿಡಲಾಗುವುದಿಲ್ಲ, ಮಗಳು ಬಿದ್ದರೂ ಎದ್ದರೂ ಏನೂ ಅನಿಸದ ಕಲ್ಲಾಗುತ್ತೇನೆ. ಒಂದು ದಿನ ಸ್ಟ್ರಿಪ್ಪಿನ ಬೆಳ್ಳಿ ಹಾಳೆಯನ್ನು ಉಗುರಿನಿಂದ ಕೆರೆದೆ, ಹರಿಯುವಷ್ಟರಲ್ಲಿ ಕೈ ತೆಗೆದೆ. ಇವೆಲ್ಲಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಇಂಥ ಮಾತ್ರೆ ನುಂಗುವವಳನ್ನು ಮನೆಯವರು ಏನು ಮಾಡುತ್ತಾರೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮಾಡಿದವರಲ್ಲಿ ನಾನೂ ಒಬ್ಬಳು.

ಇಪ್ಪತ್ತೊಂದನೆಯ ದಿನ ಚೈತ್ರಳಿಗೆ ಕನ್ನಡಕ ಮಾಡಿಸಲು ಮೈಸೂರಿಗೆ ಹೊರಟೆವು. ಬಸ್ಸು ತುಂಬಿತ್ತು. ಮುಂದೆ ಕಿಟಕಿ ಪಕ್ಕ ಅವಳಿಗೊಂದು ಸೀಟು ಸಿಕ್ಕಿತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ತಾಂಡವಪುರದ ಹತ್ತಿರ ಬರುವಾಗ ಉಸಿರು ನಿಂತಿತು. ಎಲ್ಲರ ಮೈ ನನ್ನ ಮೈಮೇಲೆ ಬಿದ್ದಂತೆ, ಬಸ್ಸಿನ ತಗಡು ಒಳಕ್ಕೆ ಒತ್ತಿದಂತೆ. ಬಸ್ಸು ನಿಂತಿತೋ ಇಲ್ಲವೋ ಇಳಿದುಬಿಟ್ಟೆ. ರಸ್ತೆ ಪಕ್ಕ ಕುಕ್ಕರಗಾಲಲ್ಲಿ ಕೂತು ತಲೆಯನ್ನು ಮಂಡಿಗೆ ಒತ್ತಿಕೊಂಡೆ. ತಲೆ ಎತ್ತಿದಾಗ ಬಸ್ಸು ಹೋಗಿತ್ತು. ಮಗಳು ಬಸ್ಸಿನಲ್ಲಿದ್ದಳು. ಅವಳ ಬಳಿ ಫೋನ್ ಇರಲಿಲ್ಲ, ಚೀಲ ನನ್ನ ಹೆಗಲಲ್ಲಿತ್ತು.

ಒಂದೂವರೆ ಗಂಟೆ ಆದಮೇಲೆ ಮಗು ಸಿಕ್ಕಿತು. ಕಂಡಕ್ಟರ್ ಪುಣ್ಯಾತ್ಮ, ಮೈಸೂರಿನ ನಿಲ್ದಾಣದಲ್ಲಿ ಅವಳನ್ನು ಕಚೇರಿಯೊಳಗೆ ಕೂರಿಸಿ ಅಪ್ಪನ ನಂಬರ್ ಕೇಳಿ ಫೋನ್ ಮಾಡಿದ್ದರು. ಶಿವಮಲ್ಲು ಅಂಗಡಿ ಮುಚ್ಚಿ ಓಡಿದರು. ಮನೆಗೆ ಬಂದಮೇಲೆ ಚೈತ್ರ ಅಳಲಿಲ್ಲ. ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳದೆ, "ನಾನು ನಿನ್ ಜೊತೆ ಇನ್ನೆಲ್ಲಿಗೂ ಬರಲ್ಲ" ಎಂದಳು.

ಅತ್ತೆ ಜಗುಲಿಯಲ್ಲಿ ನಿಂತು ಬೀದಿಗೆ ಕೇಳುವಂತೆ ಅಂದರು. "ಎತ್ತ ಮಗೀನ ಬಸ್ನಲ್ಲಿ ಬುಟ್ಟು ಇಳ್ಕಂಡವ್ಳಲ್ಲ, ಇವ್ಳೂ ಒಬ್ಳು ತಾಯಾ? ಆ ನರಸೀಪುರದೋಳ್ಗಿಂತ ಕಡೆಯಾಗೋದ್ಳು. ಲೇ ಶಿವಮಲ್ಲು, ಇನ್ಮೇಕೆ ಮಗೀನ ಇವ್ಳ ಕೈಗೆ ಕೊಡ್ಬ್ಯಾಡ ಕಣ್ಲಾ."

ನಾನು ಒಂಬತ್ತು ವರ್ಷದ ಹಿಂದೆ ಆಡಿದ ಮಾತು ಅದು. ಶಿವಮಲ್ಲು ಕೂಡ ನನ್ನ ಮುಖ ನೋಡಿದರು. ಅವರಿಗೂ ನೆನಪಿತ್ತು.

ಎರಡು ದಿನದ ಮೇಲೆ ಶಾಲೆಗೆ ಹೋಗಿ ರಜೆ ಬರೆದುಕೊಟ್ಟು, ಸೀಮೆಸುಣ್ಣದ ಡಬ್ಬಿಯಿಂದ ಸ್ಟ್ರಿಪ್ಪನ್ನು ತೆಗೆದುಕೊಂಡು ನರಸೀಪುರಕ್ಕೆ ಹೊರಟೆ. ಆ ದಾರಿಯಲ್ಲಿ ಎರಡು ಸಲ ಬಸ್ಸಿನಿಂದ ಇಳಿದು, ಎರಡು ಸಲ ಮುಂದಿನ ಬಸ್ಸು ಹಿಡಿದೆ. ಸವಿತಾ ತಾಲ್ಲೂಕು ಕಚೇರಿ ಎದುರು ಅರ್ಜಿ ತುಂಬಿಕೊಡುವ, ಜೆರಾಕ್ಸ್ ತೆಗೆಯುವ ಅಂಗಡಿ ಇಟ್ಟಿದ್ದಾಳೆಂದು ಯಾರೋ ಹೇಳಿದ್ದು ಕಿವಿಯಲ್ಲಿತ್ತು.

ಅಂಗಡಿಯಲ್ಲಿ ಏಳೆಂಟು ಜನ ಪಹಣಿ, ಜಾತಿ ಪ್ರಮಾಣಪತ್ರ ಎಂದು ಕಾಯುತ್ತಿದ್ದರು. ಸವಿತಾ ಕಂಪ್ಯೂಟರಿನ ಹಿಂದಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು. ನನ್ನನ್ನು ನೋಡಿದಳು. ನೋಡಿದ್ದು ನನಗೆ ಗೊತ್ತಾಯಿತು. ಆಮೇಲೆ ಪರದೆಗೆ ಕಣ್ಣು ತಿರುಗಿಸಿ ಕೆಲಸ ಮುಂದುವರಿಸಿದಳು. ನಾನು ಮೂಲೆಯ ಸ್ಟೂಲಿನಲ್ಲಿ ಕೂತೆ. ನನಗಿಂತ ಮೊದಲು ಬಂದವರನ್ನು ಕಳಿಸಿದಳು, ನನ್ನ ನಂತರ ಬಂದವರನ್ನೂ ಕಳಿಸಿದಳು. ಎರಡು ಗಂಟೆಯಾಯಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಎದ್ದು ಓಡಬೇಕೆನಿಸುತ್ತಿತ್ತು. ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದೆ. ಊಟದ ಹೊತ್ತಿಗೆ ಅಂಗಡಿ ಖಾಲಿಯಾದಮೇಲೆ ಅವಳು ಕೇಳಿದಳು.

"ಏನ್ ಬಂದ್ರಿ?"

ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟೆ. ಅವಳು ಅದನ್ನು ತಿರುಗಿಸಿ ಓದಿದಳು.

"ನಿಮಗಾ?"

"ಹೂಂ."

"ಎಷ್ಟು ದಿನ ಆಯ್ತು ಕೊಟ್ಟು?"

"ಇಪ್ಪತ್ತಮೂರು. ಒಂದೂ ತಗೊಂಡಿಲ್ಲ. ಭಯ. ಏನಾಗುತ್ತೆ ಸವಿತಾ, ತಗೊಂಡ್ರೆ?"

ಅವಳು ಅರ್ಜಿ ತುಂಬಿಸುವವಳ ದನಿಯಲ್ಲೇ ಹೇಳಿದಳು. "ಮೊದಲ್ನೇ ವಾರ ವಾಕರಿಕೆ. ಬಾಯಿ ಒಣಗ್ತದೆ. ಭಯ ಕಮ್ಮಿ ಆಗಲ್ಲ, ಇನ್ನೂ ಜಾಸ್ತಿ ಆದಂಗಿರ್ತದೆ. ನಿಲ್ಲಿಸ್ಬಿಡೋಣ ಅನಿಸ್ತದೆ, ನಿಲ್ಲಿಸ್ಬಾರದು. ತೀರಾ ಆದ್ರೆ ಡಾಕ್ಟ್ರಿಗೆ ಫೋನ್ ಮಾಡಿ. ಮೂರ್ನೇ ವಾರದ ಮೇಲೆ ಒಂದಿನ ಸುಮ್ನೆ ಕೂತಿದ್ದಾಗ ಗೊತ್ತಾಗ್ತದೆ, ಅರೆ, ಬೆಳಿಗ್ಗೆಯಿಂದ ನೆನಪೇ ಆಗಿಲ್ವಲ್ಲ ಅಂತ. ತಿಂಡಿ ತಿಂದ್ಮೇಲೆ ತಗೊಳ್ಳಿ. ಬರೀ ಹೊಟ್ಟೇಲಿ ಬೇಡ."

"ಮತ್ತೆ ಬಿಡೋಕಾಗುತ್ತಾ?"

"ಡಾಕ್ಟ್ರು ಹೇಳ್ದಂಗೆ ಮೆಲ್ಲಗೆ ಇಳಿಸ್ಕೊಂಡು ಬಂದ್ರೆ ಆಗ್ತದೆ." ಸ್ಟ್ರಿಪ್ಪನ್ನು ನನ್ನ ಕಡೆ ತಳ್ಳಿದಳು. "ಒಂದೇ ದಿನಕ್ಕೆ ಹೊಳೆಗೆ ಹಾಕಿದ್ರೆ ಏನಾಗ್ತದೆ ಅಂತ ನೀವೇ ನೋಡಿದ್ದೀರಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ತಲೆಯೊಳಗೆ ಕರೆಂಟ್ ಹೊಡೆದಂಗೆ ಆಗೋದು. ನಡೀತಾ ಇದ್ರೆ ನೆಲ ವಾಲೋದು. ಕೈ ನಿಲ್ತಿರಲಿಲ್ಲ. ಅದು ನನ್ನ ರೋಗ ಅಲ್ಲಕ್ಕ. ಮಾತ್ರೆ ಕಿತ್ಕೊಂಡಿದ್ದಕ್ಕೆ ಆಗಿದ್ದು. ಅದಕ್ಕೂ ಮುಂಚೆ ಎರಡು ವರ್ಷ ನಿಮ್ ಮನೇಲಿದ್ನಲ್ಲ, ಯಾವತ್ತಾದ್ರೂ ನನ್ ಕೈ ನಡುಗಿದ್ದು ನೋಡಿದ್ರಾ?"

ನೋಡಿರಲಿಲ್ಲ. ಎರಡು ವರ್ಷ ನನ್ನ ಮಗುವನ್ನು ಎತ್ತಿ ಆಡಿಸಿದ ಕೈ ಅದು, ಒಮ್ಮೆಯೂ ನಡುಗಿರಲಿಲ್ಲ. ನಾವೇ ಅವಳನ್ನು ನಡುಗಿಸಿ, ಆ ನಡುಕವನ್ನೇ ತೋರಿಸಿ ಹುಚ್ಚಿ ಎಂದು ಮನೆಯಿಂದ ಕಳಿಸಿದ್ದೆವು.

"ತಪ್ಪಾಯ್ತು ಸವಿತಾ" ಎಂದೆ. ಅಳು ಬಂತು.

"ಇಲ್ಲಿ ಅಳ್ಬೇಡಿ, ಜನ ಬರ್ತಾರೆ" ಎಂದಳು. "ಆ ತಪ್ಪನ್ನ ನನ್ ಅಂಗಡೀಲಿ ಇಳಿಸಿ ಹೋಗೋಕೆ ಬಂದಿದ್ರೆ ಆಗಲ್ಲ. ವಾಪಸ್ ತಗೊಂಡ್ಹೋಗಿ. ಈ ಮಾತ್ರೆಗೆ ಅದು ವಾಸಿ ಆಗಲ್ಲ."

ಎದ್ದೆ. ಬಾಗಿಲಿಗೆ ಬಂದಾಗ ಅವಳು ಹಿಂದಿನಿಂದ ಹೇಳಿದಳು, "ಕದ್ದು ತಗೋಬೇಡಿ. ನಾನು ಕದ್ದು ತಗೊಂಡೆ, ಅದಕ್ಕೇ ಸಿಕ್ಕಾಕೊಂಡೆ. ಎಲ್ಲರ ಮುಂದೆ ತಗೊಳ್ಳಿ. ಮತ್ತೆ ಇಲ್ಲಿಗೆ ಬರಬೇಡಿ."

ಮರುದಿನ ಬೆಳಿಗ್ಗೆ ಇಡ್ಲಿ ತಿಂದಮೇಲೆ, ಅತ್ತೆ, ಗಂಡ, ಮಗಳು ಮೂವರೂ ತಟ್ಟೆಯ ಮುಂದೆ ಕೂತಿದ್ದಾಗ ಸ್ಟ್ರಿಪ್ಪನ್ನು ತೆಗೆದು ಒತ್ತಿದೆ. ಮಾತ್ರೆ ಎಷ್ಟು ಚಿಕ್ಕದಿತ್ತೆಂದರೆ ಅಂಗೈಯಲ್ಲಿ ಹುಡುಕಬೇಕಾಯಿತು. ನೀರಿನ ಜೊತೆ ನುಂಗಿದೆ. "ಇದು ಭಯದ ಕಾಯಿಲೆಗೆ ಮಾತ್ರೆ. ದಿನಾ ತಗೋತೀನಿ. ಯಾರೂ ಇದನ್ನ ಮುಟ್ಬೇಡಿ" ಎಂದೆ. ಅತ್ತೆ ಅರ್ಧ ತಿಂದ ತಟ್ಟೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಅವತ್ತಿನಿಂದ ನಾನು ಮಾಡಿದ ಅಡುಗೆ ಅವರು ಮುಟ್ಟುವುದಿಲ್ಲ. ತಮಗೊಬ್ಬರಿಗೆ ಬೇರೆ ಮಾಡಿಕೊಳ್ಳುತ್ತಾರೆ. ಶಿವಮಲ್ಲು ಮಾತ್ರ ನನ್ನ ಖಾಲಿ ಲೋಟಕ್ಕೆ ಇನ್ನಷ್ಟು ನೀರು ಹಾಕಿದರು.

ಸವಿತಾ ಹೇಳಿದ್ದು ಒಂದೂ ತಪ್ಪಾಗಲಿಲ್ಲ. ಮೊದಲ ವಾರ ಹೊಟ್ಟೆಯೊಳಗೆ ಎಣ್ಣೆ ಕಲಕಿದಂತೆ ಇತ್ತು. ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತಿತ್ತು. ಭಯ ಹೆಚ್ಚಾಯಿತು, ಆರನೆಯ ದಿನ ಶಾಲೆಯ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು, ಇದು ನನ್ನನ್ನು ಕೊಲ್ಲುತ್ತಿದೆ ಎಂದುಕೊಂಡು, ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. "ಇನ್ನು ನಾಲ್ಕು ದಿನ ನೋಡಿ. ಆಗದಿದ್ರೆ ನಾನಿದ್ದೀನಿ, ಬನ್ನಿ" ಎಂದರು. ಆ ನಾಲ್ಕು ದಿನವನ್ನು ನಾಲ್ಕು ವರ್ಷದಂತೆ ಕಳೆದೆ. ನಾಲ್ಕನೆಯ ವಾರ ಒಂದು ಸೋಮವಾರ ಉತ್ತರಪತ್ರಿಕೆ ತಿದ್ದುತ್ತಿದ್ದಾಗ, ಯಾರೋ ಹುಡುಗ ಏಳೆಂಟಲ ಐವತ್ತನಾಲ್ಕು ಎಂದು ಬರೆದಿದ್ದ. ಅವನನ್ನು ಮನಸ್ಸಿನಲ್ಲೇ ಬೈದುಕೊಂಡು ಕೆಂಪು ಗೆರೆ ಎಳೆದೆ. ಎಳೆದಮೇಲೆ ಹೊಳೆಯಿತು: ಬೆಳಿಗ್ಗೆಯಿಂದ ನನ್ನ ಎದೆಯ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮೊನ್ನೆ ಮಾವನವರ ಪುಣ್ಯತಿಥಿಗೆ ನೆಂಟರು ಸೇರಿದ್ದರು. ಲೋಕೇಶ, ಅವನ ಹೆಂಡತಿ ಮೈಸೂರಿನಿಂದ ಬಂದಿದ್ದರು. ಪೂಜೆ ಇದ್ದದ್ದರಿಂದ ನಾನು ಬೆಳಿಗ್ಗೆ ಏನೂ ತಿಂದಿರಲಿಲ್ಲ. ಪಂಕ್ತಿಯಲ್ಲಿ ಅನ್ನ ಉಂಡಾದಮೇಲೆ, ಎಲೆಯ ಮುಂದೆಯೇ ಮಾತ್ರೆ ತೆಗೆದೆ. ಬಿಳಿಗೆರೆಯ ಸೋದರತ್ತೆಯೊಬ್ಬರು, "ಅದೇನ್ ಮಾತ್ರೆ ಕಣವ್ವ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, "ಬೀಪಿದು."

"ಬೀಪಿದಲ್ಲ" ಎಂದೆ. "ಸವಿತಾ ತಗೊಳ್ತಿದ್ದಳಲ್ಲ, ಅದೇ ಮಾತ್ರೆ. ಅವಳ ಚೀಲದಿಂದ ಕದ್ದು ಅತ್ತೆ ಕೈಗೆ ಕೊಟ್ಟೋಳು ನಾನು. ಮಾತ್ರೆ ಹೊಳೆಗೆ ಹಾಕಿದ್ದಕ್ಕೆ ಅವಳು ನಡುಗಿದ್ದು. ಅವಳಿಗೆ ಹುಚ್ಚು ಇರಲಿಲ್ಲ."

ಲೋಕೇಶನ ಹೆಂಡತಿ ಗಂಡನ ಮುಖ ನೋಡಿದಳು. ಅವಳಿಗೆ ಹೇಳಿದ್ದು ಬೇರೆಯಂತೆ. ಸವಿತಾ ಮನೆಯವರ ಮೇಲೆ ಕೈ ಮಾಡುತ್ತಿದ್ದಳೆಂದು. ಲೋಕೇಶ ತಲೆ ತಗ್ಗಿಸಿ ಎಲೆ ಮಡಚಿದ. ಸೋದರತ್ತೆ, "ಇಂತಾ ದಿನ್ದಲ್ಲಿ ಯಾಕವ್ವ ಆ ಮಾತು? ಆಗೋದು ಆಗೋಯ್ತು. ಇನ್ನೊಸಿ ಪಾಯ್ಸ ಬುಡು" ಎಂದರು. ಯಾರೋ ಪಾಯಸ ಬಡಿಸಿದರು. ಎಲ್ಲರೂ ಉಂಡರು.

ಇದನ್ನು ಸವಿತಾಳಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ಅದೂ ನನ್ನ ಸಮಾಧಾನಕ್ಕೇ ಆಗುತ್ತಿತ್ತು.

ನೆಂಟರೆಲ್ಲ ಹೋದಮೇಲೆ, ಸಂಜೆ ನಾನು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಚೈತ್ರ ಬಂದಳು.

"ಸವಿತಾ ಅಂದ್ರೆ ಯಾರಮ್ಮ?"

ಅವಳಿಗೆ ನೆನಪೇ ಇರಲಿಲ್ಲ. ಎರಡು ವರ್ಷ ಅವಳಿಗೆ ಊಟ ಮಾಡಿಸಿ, ಸ್ನಾನ ಮಾಡಿಸಿ, ಮಧ್ಯಾಹ್ನ ಮಲಗಿಸುತ್ತಿದ್ದವಳು ಅವಳ ತಲೆಯಿಂದ ಪೂರ್ತಿ ಅಳಿಸಿಹೋಗಿದ್ದಳು. ಬಟ್ಟೆ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಚೀಲಕ್ಕೆ ಕೈ ಹಾಕಿದ್ದು, ಅತ್ತೆಗೆ ಹೇಳಿದ್ದು, ಹೇಳುವಾಗ ಖುಷಿಯಾದದ್ದು, ಅವಳನ್ನು ಸವಿತಾಳ ತೊಡೆಯಿಂದ ಎಳೆದುಕೊಂಡದ್ದು. ಬಿಡಿಸಿ ಹೇಳುವಷ್ಟು ಹೊತ್ತೂ ಅವಳು ಮಹಡಿಯ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು.

"ನೀನು ಕೆಟ್ಟವಳು ಕಣಮ್ಮ" ಎಂದಳು ಕೊನೆಗೆ.

"ಹೌದು" ಎಂದೆ.

ಅವಳು ಇಳಿದುಹೋದಳು. ನಾನು ಅಲ್ಲೇ ಕೂತೆ. ನೋವಾಯಿತು. ಇಷ್ಟು ನೋವು ನನಗೆ ಯಾವತ್ತೂ ಆಗಿರಲಿಲ್ಲ. ಆದರೆ ಎದೆ ಹೊಡೆದುಕೊಳ್ಳಲಿಲ್ಲ, ಉಸಿರು ಕಟ್ಟಲಿಲ್ಲ, ಎದ್ದು ಓಡಿಹೋಗಬೇಕೆನಿಸಲಿಲ್ಲ. ಕತ್ತಲಾಗುವವರೆಗೂ ಕೂತಿದ್ದು, ಬಟ್ಟೆ ಮಡಚಿಕೊಂಡು ಕೆಳಗೆ ಬಂದೆ.